ಊರಿನ ಜಮೀನು ಮಾರಿ ಅಗ್ಗದ ಸೀಮೆಗೆ ಹೋಗುವ ಮುನ್ನ

ಕ್ಷೇತ್ರೋತ್ಸವಗಳಲ್ಲಿ ರೈತರು ನಮ್ಮನ್ನು ಕೇಳುವ ಪ್ರಶ್ನೆಗಳು ಸಾಮಾನ್ಯವಾಗಿ ತಳಿ, ಗೊಬ್ಬರ, ಕೀಟ, ರೋಗಗಳನ್ನು ಕುರಿತವು. ಆದರೆ ರಾಮನಗರ ಸೀಮೆಯಲ್ಲಿ, ಅದರಲ್ಲೂ ಕೈಲಾಂಚ ಹೋಬಳಿಯ ಕಡೆ, ಸಭೆ ಮುಗಿದ ಮೇಲೆ ಪಕ್ಕಕ್ಕೆ ಕರೆದು ಕೇಳುವ ಪ್ರಶ್ನೆ ಬೇರೆಯೇ ಇದೆ. "ಇಲ್ಲಿಯದನ್ನು ಕೊಟ್ಟು ಚಾಮರಾಜನಗರದ ಕಡೆಗೋ ಹಿರಿಯೂರಿನ ಕಡೆಗೋ ಹತ್ತು ಹದಿನೈದು ಎಕರೆ ಮಾಡಿಕೊಂಡರೆ ಹೇಗೆ ಸ್ವಾಮಿ?" ಎಂಬುದು ಆ ಪ್ರಶ್ನೆ. ಕೇಳುವವರು ಬೇಸಾಯ ಬಿಡಬೇಕೆಂದಿರುವವರಲ್ಲ, ಬೇಸಾಯದಲ್ಲೇ ಉಳಿಯಬೇಕೆಂದಿರುವವರು. ಆದ್ದರಿಂದ ಇದನ್ನು ಮನೆಯ ವಿಚಾರವೆಂದು ತಳ್ಳಿಹಾಕದೆ, ಮಣ್ಣು ಮತ್ತು ನೀರಿನ ವಿಚಾರವಾಗಿಯೇ ಪರಿಶೀಲಿಸಿ ನೋಡುವುದು ಒಳ್ಳೆಯದು.

ಕೈಲಾಂಚದ ಸುತ್ತಿನ ಭೂಮಿಯ ಬೆಲೆ ಏಕೆ ಏರಿತೆಂಬುದು ಎಲ್ಲರಿಗೂ ತಿಳಿದಿದೆ. ಬಿಡದಿ ಮತ್ತು ಹಾರೋಹಳ್ಳಿಗಳಲ್ಲಿ ಕೈಗಾರಿಕಾ ಪ್ರದೇಶಗಳು ಬೆಳೆದವು. 2007ರಲ್ಲಿ ರಾಮನಗರ ಪ್ರತ್ಯೇಕ ಜಿಲ್ಲೆಯಾಯಿತು. 2020ರಲ್ಲಿ ಭೂಸುಧಾರಣಾ ಕಾಯಿದೆಗೆ ತಿದ್ದುಪಡಿಯಾಗಿ, ರೈತರಲ್ಲದವರೂ ಬೇಸಾಯದ ಜಮೀನು ಕೊಳ್ಳಲು ಅವಕಾಶವಾಯಿತು. 2023ರ ಮಾರ್ಚ್‌ನಲ್ಲಿ ಬೆಂಗಳೂರು–ಮೈಸೂರು ಹೆದ್ದಾರಿ ಉದ್ಘಾಟನೆಯಾಯಿತು. 2025ರ ಮೇ ತಿಂಗಳಲ್ಲಿ ಜಿಲ್ಲೆಯ ಹೆಸರನ್ನೇ ಬೆಂಗಳೂರು ದಕ್ಷಿಣ ಎಂದು ಬದಲಿಸಲು ರಾಜ್ಯ ಸಚಿವ ಸಂಪುಟ ಒಪ್ಪಿಗೆ ಕೊಟ್ಟಿತು. ಇವುಗಳಲ್ಲಿ ಒಂದೂ ಮಣ್ಣಿನ ಫಲವತ್ತತೆಯನ್ನು ಹೆಚ್ಚಿಸಿದ ಸಂಗತಿಯಲ್ಲ. ಎಂದರೆ, ಈ ಬೆಲೆ ಬೆಳೆಯಿಂದ ಬಂದುದಲ್ಲ, ದಾರಿಯಿಂದ ಬಂದುದು.

ಇಲ್ಲಿ ಒಂದು ಸಂಗತಿಯನ್ನು ಸ್ಪಷ್ಟವಾಗಿ ತಿಳಿದುಕೊಳ್ಳಬೇಕು. ಭೂಮಿಯ ಬೆಲೆ ಹೆಚ್ಚಿರುವುದು ಕೊಳ್ಳುವವನಿಗೆ ಭಾರ. ಪಿತ್ರಾರ್ಜಿತವಾಗಿ ಬಂದ ಮೂರು ಎಕರೆಯನ್ನು ಉಳುತ್ತಿರುವವನಿಗೆ ಆ ಬೆಲೆಯಿಂದ ಬೇಸಾಯದ ಖರ್ಚು ಒಂದು ರೂಪಾಯಿಯೂ ಹೆಚ್ಚುವುದಿಲ್ಲ. ಅವನಿಗೆ ಈ ಸೀಮೆ ದುಬಾರಿಯಾಗಿರುವುದು ಬೇರೆ ಕಾರಣಗಳಿಂದ: ಕಾರ್ಖಾನೆಗಳ ಪೈಪೋಟಿಯಿಂದ ಏರಿದ ಕೂಲಿ, ವರ್ಷದಿಂದ ವರ್ಷಕ್ಕೆ ಆಳಕ್ಕೆ ಹೋಗುತ್ತಿರುವ ಕೊಳವೆಬಾವಿ, ಮಕ್ಕಳ ಶಾಲೆಯ ಶುಲ್ಕ, ಅಣ್ಣತಮ್ಮಂದಿರಲ್ಲಿ ಪಾಲಾಗಿ ಗುಂಟೆಗಳ ಲೆಕ್ಕಕ್ಕೆ ಇಳಿದ ಹಿಡುವಳಿ. ಇವುಗಳ ಜೊತೆಗೆ ತೆಂಗಿನಕಲ್ಲು ಕಾಡಿನ ಕಡೆಯಿಂದ ಬರುವ ಆನೆಗಳ ಕಾಟ. ಬೇರೆ ಸೀಮೆಗೆ ಹೋಗುವುದರಿಂದ ಇವುಗಳಲ್ಲಿ ಯಾವುದು ನೀಗುತ್ತದೆ, ಯಾವುದು ನೀಗುವುದಿಲ್ಲ ಎಂಬುದನ್ನು ಮೊದಲು ಬರೆದುಕೊಳ್ಳಿ. ಆನೆಗೆ ಬೇಸತ್ತು ಗುಂಡ್ಲುಪೇಟೆಯ ಕಾಡಂಚಿನಲ್ಲಿ ಜಮೀನು ನೋಡುತ್ತಿರುವವರನ್ನು ಕಂಡಾಗ ನಗಬೇಕೋ ಮರುಗಬೇಕೋ ತಿಳಿಯುವುದಿಲ್ಲ. ಬಂಡೀಪುರದ ಆನೆಗಳಿಗೂ ಬಾಳೆ, ಕಬ್ಬು, ರಾಗಿ ಎಲ್ಲವೂ ರುಚಿಯೇ.

ಎಕರೆಯ ಲೆಕ್ಕ, ನೀರಿನ ಲೆಕ್ಕ

ಒಂದು ಉದಾಹರಣೆ ತೆಗೆದುಕೊಳ್ಳೋಣ. ಕೈಲಾಂಚ ಹೋಬಳಿಯಲ್ಲಿ ಒಂದು ಕುಟುಂಬಕ್ಕೆ 3 ಎಕರೆ ಇದೆ. ಒಂದು ಎಕರೆಯಲ್ಲಿ ಫಸಲಿಗೆ ಬಂದ ಮಾವು, ಒಂದೂವರೆ ಎಕರೆ ಹಿಪ್ಪುನೇರಳೆ, ಉಳಿದ ಅರ್ಧ ಎಕರೆ ರಾಗಿ. ಎರಡು ಹಸುಗಳಿವೆ. ಗಂಟೆಗೆ 5,000 ಲೀಟರ್ ನೀರು ಕೊಡುವ ಒಂದು ಕೊಳವೆಬಾವಿ ಇದೆ. ಇಲ್ಲಿಯ ಒಂದು ಎಕರೆಯ ಹಣಕ್ಕೆ ದೂರದ ಒಣಸೀಮೆಯಲ್ಲಿ ಐದು ಎಕರೆ ಬರುತ್ತದೆಂದು ಕೇವಲ ಲೆಕ್ಕಕ್ಕಾಗಿ ಇಟ್ಟುಕೊಳ್ಳೋಣ. ಮೂರು ಎಕರೆ ಹದಿನೈದು ಎಕರೆಯಾಯಿತು. ಕಾಗದದ ಮೇಲೆ ಆ ಕುಟುಂಬ ಐದು ಪಟ್ಟು ಬೆಳೆಯಿತು.

ಈಗ ನೀರನ್ನು ಅಳೆಯೋಣ. ಒಂದು ಎಕರೆಯ ಮೇಲೆ ಒಂದು ಮಿಲಿಮೀಟರ್ ನೀರು ನಿಲ್ಲಿಸಲು ಸುಮಾರು 4,000 ಲೀಟರ್ ಬೇಕು. ಈ ಒಂದು ಅಂಕಿಯನ್ನು ನೆನಪಿಟ್ಟುಕೊಂಡರೆ ಸಾಕು, ಮಿಕ್ಕ ಲೆಕ್ಕವನ್ನು ನೀವೇ ಮಾಡಬಹುದು. ಬೇಸಿಗೆಯಲ್ಲಿ ಹನಿ ನೀರಾವರಿಯಲ್ಲಿ ಕೂಡ ಹಿಪ್ಪುನೇರಳೆಗೆ ದಿನಕ್ಕೆ 4 ಮಿ.ಮೀ.ನಷ್ಟಾದರೂ ನೀರು ಬೇಕಾಗುತ್ತದೆ. ಎಂದರೆ ಎಕರೆಗೆ 16,000 ಲೀಟರ್. ಪಂಪ್‌ಸೆಟ್‌ಗೆ ದಿನಕ್ಕೆ 7 ಗಂಟೆ ತ್ರೀಫೇಸ್ ವಿದ್ಯುತ್ ಸಿಕ್ಕಿತೆಂದುಕೊಂಡರೆ, ಗಂಟೆಗೆ 5,000 ಲೀಟರಿನ ಬಾವಿಯಿಂದ 35,000 ಲೀಟರ್ ಬರುತ್ತದೆ. ಅದು ಎರಡು ಎಕರೆಗೆ ಸಾಕಾಗುತ್ತದೆ, ಅಷ್ಟೇ. ಬಾವಿ ಮೇ ತಿಂಗಳಲ್ಲಿ 3,000 ಲೀಟರಿಗೆ ಇಳಿದರೆ ಒಂದೂಕಾಲು ಎಕರೆಗೆ ಮಾತ್ರ ಸಾಕು.

ಹೊಸ ಜಾಗದಲ್ಲಿ ಅದೃಷ್ಟವಶಾತ್ ಅಂಥವೇ ಎರಡು ಬಾವಿಗಳು ಸಿಕ್ಕವೆನ್ನಿ. ಹದಿನೈದು ಎಕರೆಯಲ್ಲಿ ನಾಲ್ಕು ಎಕರೆ ನೀರಾವರಿ, ಹನ್ನೊಂದು ಎಕರೆ ಮಳೆಯಾಶ್ರಿತ. ಹೀಗಾಗಿ ಬೇಸಿಗೆಯಲ್ಲೂ ಹಸಿರಾಗಿರುವ ನೆಲ ಐದು ಪಟ್ಟಾಗಲಿಲ್ಲ, ಇಲ್ಲಿಯ ಎರಡು ಎಕರೆ ಅಲ್ಲಿ ನಾಲ್ಕಾಯಿತು. ಒಂದೇ ಬಾವಿ ಸಿಕ್ಕರೆ ಇದ್ದಷ್ಟೇ ಆಯಿತು. ಎಕರೆ ಎಷ್ಟು ಪಟ್ಟು ಹೆಚ್ಚಿತು ಎಂದು ಕೇಳುವ ಬದಲು, ಗಂಟೆಗೆ ಎಷ್ಟು ಲೀಟರ್ ಹೆಚ್ಚಿತು ಎಂದು ಕೇಳುವುದೇ ಸರಿಯಾದ ಪ್ರಶ್ನೆ. ದಲ್ಲಾಳಿಗಳು ಈ ಪ್ರಶ್ನೆಯನ್ನು ಇಷ್ಟಪಡುವುದಿಲ್ಲ.

ಉಳಿದ ಹನ್ನೊಂದು ಎಕರೆಯ ಗತಿ ಮಳೆಯ ಕೈಯಲ್ಲಿದೆ. ನಮ್ಮ ರಾಜ್ಯವನ್ನು ಹತ್ತು ಕೃಷಿ ಹವಾಮಾನ ವಲಯಗಳಾಗಿ ವಿಂಗಡಿಸಲಾಗಿದೆ. ರಾಮನಗರವು ಪೂರ್ವ ಒಣ ವಲಯಕ್ಕೆ ಸೇರಿದ್ದು, ಈ ವಲಯದ ವಾರ್ಷಿಕ ಮಳೆ 679ರಿಂದ 889 ಮಿ.ಮೀ. ಚಾಮರಾಜನಗರ ಸೇರಿದ ದಕ್ಷಿಣ ಒಣ ವಲಯದಲ್ಲೂ ಹೆಚ್ಚುಕಡಿಮೆ ಇಷ್ಟೇ ಮಳೆ ಇದೆ. ಆದರೆ ಹಿರಿಯೂರು, ಚಳ್ಳಕೆರೆಗಳಿರುವ ಮಧ್ಯ ಒಣ ವಲಯದಲ್ಲಿ ಅದು 456ರಿಂದ 717 ಮಿ.ಮೀ. ಮಾತ್ರ. 800 ಮಿ.ಮೀ. ಬೀಳುವ ಊರಿನಿಂದ 500 ಮಿ.ಮೀ. ಬೀಳುವ ಊರಿಗೆ ಹೋದವರು ಪ್ರತಿ ಎಕರೆಗೂ ವರ್ಷಕ್ಕೆ 12 ಲಕ್ಷ ಲೀಟರ್ ನೀರನ್ನು ಹಿಂದೆ ಬಿಟ್ಟು ಹೋದಂತಾಯಿತು. ಅಲ್ಲಿಯ ಭೂಮಿ ಅಗ್ಗವಾಗಿರುವುದಕ್ಕೆ ಇದೂ ಒಂದು ಕಾರಣವೆಂಬುದನ್ನು ಮರೆಯಬಾರದು. ಅಂಥಲ್ಲಿ ಶೇಂಗಾ, ಸಿರಿಧಾನ್ಯ, ಅಕ್ಕಡಿಯಲ್ಲಿ ತೊಗರಿ ಇಂಥ ಬೆಳೆಗಳೇ ಆಧಾರ. ರಾಗಿಯನ್ನು ಇಲ್ಲಿಯ ಧೈರ್ಯದಲ್ಲಿ ಬಿತ್ತಲಾಗದು.

ತುಂಬಿದ ಕೆರೆಕಟ್ಟೆಗಳನ್ನು ತೋರಿಸಿ ಜಮೀನು ಮಾರುವುದು ಹಳೆಯ ಪದ್ಧತಿ. ಹಿರಿಯೂರಿನ ಬಳಿಯ ವಾಣಿವಿಲಾಸ ಸಾಗರ 1933ರಲ್ಲಿ ಕೋಡಿ ಬಿದ್ದ ಮೇಲೆ ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ, ಬರೋಬ್ಬರಿ 89 ವರ್ಷಗಳ ಬಳಿಕ. ಆಮೇಲೆ 2025ರ ಜನವರಿಯಲ್ಲಿ ಇನ್ನೊಮ್ಮೆ ತುಂಬಿತು. ಭದ್ರಾ ನೀರು ಹರಿದುಬರುತ್ತಿರುವುದರಿಂದ ಮುಂದಿನ ದಿನಗಳು ಹಿಂದಿನವುಗಳಿಗಿಂತ ಮೇಲಾಗಬಹುದು. ಆದರೆ ನೀವು ಕೊಳ್ಳುವ ಸರ್ವೆ ನಂಬರು ಅಚ್ಚುಕಟ್ಟಿನೊಳಗೆ ಇದೆಯೇ, ಇದ್ದರೆ ಕಾಲುವೆಯ ತಲೆಯಲ್ಲಿದೆಯೋ ಬಾಲದಲ್ಲಿದೆಯೋ ಎಂಬುದನ್ನು ನೀರಾವರಿ ಕಚೇರಿಯ ನಕ್ಷೆಯಲ್ಲಿ ನೋಡಿದ ಹೊರತು, ಜಲಾಶಯ ತುಂಬಿದ ಸುದ್ದಿಯಿಂದ ನಿಮಗೆ ಉಪಯೋಗವಿಲ್ಲ.

ಹೊತ್ತೊಯ್ಯಲಾಗದ ಆಸ್ತಿ

ಜಮೀನಿನ ಬೆಲೆ ಕೈಗೆ ಬರುತ್ತದೆ. ಜಮೀನಿನ ಸುತ್ತ ಬೆಳೆದ ವ್ಯವಸ್ಥೆಯ ಬೆಲೆ ಬರುವುದಿಲ್ಲ. ರಾಮನಗರದ ರೈತ ಇದನ್ನು ಸ್ವಲ್ಪ ವಿವರವಾಗಿ ಯೋಚಿಸಬೇಕು, ಏಕೆಂದರೆ ಅವನಲ್ಲಿರುವಂಥ ವ್ಯವಸ್ಥೆ ಎಲ್ಲ ಕಡೆ ಇಲ್ಲ.

ರೇಷ್ಮೆಯನ್ನೇ ನೋಡಿ. ಹಳೆಯ ಜನಪ್ರಿಯ ಹಿಪ್ಪುನೇರಳೆ ತಳಿಯಾದ ಕಣ್ವ-2 ಆಯ್ಕೆಯಾದದ್ದು ಪಕ್ಕದ ಚನ್ನಪಟ್ಟಣ ತಾಲ್ಲೂಕಿನ ಕಣ್ವದಲ್ಲಿ. ಈಗ ವಿ-1 ತಳಿ ಬಂದಿದ್ದರೂ ಆ ಕಾಲದಿಂದ ಬೆಳೆದುಬಂದ ತಿಳಿವಳಿಕೆ ಈ ಸೀಮೆಯ ಮನೆಮನೆಯಲ್ಲಿದೆ. ಎರಡನೇ ಜ್ವರ ದಾಟಿಸಿದ ಹುಳುಗಳನ್ನು ಕೊಡುವ ಚಾಕಿ ಕೇಂದ್ರಗಳು ಹತ್ತಿರದಲ್ಲಿವೆ. ಹುಳು ಹಣ್ಣಾದ ದಿನ ಚಂದ್ರಿಕೆಗೆ ಬಿಡಲು ನೆರೆಮನೆಯವರು ಮುಯ್ಯಾಳಾಗಿ ಬರುತ್ತಾರೆ. ಗೂಡು ಬಿಡಿಸಿದ ಬೆಳಿಗ್ಗೆಯೇ ಅದನ್ನು ರಾಮನಗರದ ಗೂಡಿನ ಮಾರುಕಟ್ಟೆಗೆ, ಏಷ್ಯಾದಲ್ಲೇ ದೊಡ್ಡದೆಂದು ಹೆಸರಾದ ಮಾರುಕಟ್ಟೆಗೆ, ಒಯ್ಯಬಹುದು. ಚಾಮರಾಜನಗರ ಜಿಲ್ಲೆಯೂ ರೇಷ್ಮೆಯ ಹಳೆಯ ಸೀಮೆಯೇ, ಸಂತೇಮರಹಳ್ಳಿ, ಕೊಳ್ಳೇಗಾಲಗಳಲ್ಲಿ ಗೂಡಿನ ಮಾರುಕಟ್ಟೆಗಳಿವೆ. ಆದ್ದರಿಂದ ರೇಷ್ಮೆಯನ್ನು ನೆಚ್ಚಿದವರಿಗೆ ಆ ದಿಕ್ಕು ಇತರ ದಿಕ್ಕುಗಳಿಗಿಂತ ಉತ್ತಮ. ಆದರೂ ಹೊಸ ತೋಟ ನೆಟ್ಟು ಕಡ್ಡಿ ಬೇರೂರಿ ಮೊದಲ ಹುಳು ಮೇಯಿಸುವ ಹೊತ್ತಿಗೆ ಆರು ತಿಂಗಳಿಂದ ಒಂದು ವರ್ಷ ಹಿಡಿಯುತ್ತದೆ. ಹುಳುಮನೆಯನ್ನು ಬೇರೆಯಾಗಿ ಕಟ್ಟಬೇಕು.

ಮಾವು ಇನ್ನೂ ನಿಷ್ಠುರ. 10 ಮೀಟರ್ ಅಂತರದಲ್ಲಿ ನೆಟ್ಟ ಎಕರೆಯ 40 ಗಿಡಗಳು ಫಸಲು ಶುರುಮಾಡಲು ಐದಾರು ವರ್ಷ ಬೇಕು, ಪೂರ್ಣ ಫಸಲಿಗೆ ಹತ್ತು ವರ್ಷ. ಐವತ್ತು ವರ್ಷದ ರೈತ ಮೂವತ್ತು ವರ್ಷದ ಬಾದಾಮಿ ತೋಪನ್ನು ಮಾರಿ ಹೊಸ ಗಿಡ ನೆಟ್ಟರೆ, ಅವನು ಮತ್ತೆ ಅಂಥ ಫಸಲು ಕಾಣುವಾಗ ಅರವತ್ತು ದಾಟಿರುತ್ತದೆ. ಇದಲ್ಲದೆ ರಾಮನಗರ ಸೀಮೆಯ ಮಾವು ರಾಜ್ಯದಲ್ಲೇ ಮೊದಲು ಪೇಟೆಗೆ ಬರುತ್ತದೆ. ಶ್ರೀನಿವಾಸಪುರದ ಹಣ್ಣು ರಾಶಿಯಾಗಿ ಬರುವ ಮೇ–ಜೂನ್‌ಗೆ ಮುಂಚೆ, ಏಪ್ರಿಲ್‌ನಲ್ಲಿ ಸಿಗುವ ಆ ಮೊದಲ ಬೆಲೆ ಇಲ್ಲಿಯ ಹವೆಯ ಕೊಡುಗೆ. ಗಿಡವನ್ನು ಬೇರೆಡೆ ನೆಡಬಹುದು, ಹವೆಯನ್ನು ಒಯ್ಯಲಾಗದು.

ಹಾಲಿನ ಸೊಸೈಟಿಯ ವಿಚಾರ ಹೆಚ್ಚು ಹೇಳಬೇಕಾಗಿಲ್ಲ. ದಿನಕ್ಕೆ ಎರಡು ಸಲ ಅಳೆದು, ಬಟವಾಡೆಯನ್ನು ತಪ್ಪದೆ ಕೊಡುವ ಸೊಸೈಟಿ ಹೊಸ ಊರಿನಲ್ಲಿ ಎಷ್ಟು ದೂರವಿದೆ ಎಂಬುದನ್ನು ಮನೆಯ ಹೆಂಗಸರು ಕೇಳುತ್ತಾರೆ. ಅವರು ಕೇಳುವುದು ಸರಿಯಾಗಿದೆ. ಹುಳು ಸಾಕಣೆಯ ಮತ್ತು ಹೈನದ ದುಡಿಮೆಯ ದೊಡ್ಡ ಪಾಲು ಅವರದೇ ಆಗಿರುವಾಗ, ತೋಟದ ನಡುವಿನ ಒಂಟಿಮನೆಯಲ್ಲಿ ಮುಯ್ಯಾಳಿಲ್ಲದೆ ಆ ದುಡಿಮೆ ಹೇಗೆ ನಡೆಯುತ್ತದೆಂಬುದನ್ನು ಅವರೊಂದಿಗೆ ಕುಳಿತು ಮಾತಾಡದೆ ಮುಂಗಡ ಕೊಟ್ಟು ಬರುವುದು ಅವಿವೇಕ. ಕಾನೂನಿನ ದೃಷ್ಟಿಯಿಂದಲೂ, ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೆ ಸಮಪಾಲು ಇದೆಯೆಂಬುದು 2005ರ ಹಿಂದೂ ಉತ್ತರಾಧಿಕಾರ ತಿದ್ದುಪಡಿ ಮತ್ತು ಸುಪ್ರೀಂ ಕೋರ್ಟಿನ 2020ರ ತೀರ್ಪಿನಿಂದ ಖಚಿತವಾಗಿದೆ. ಅವರ ಪಾಲನ್ನು ಕಳೆದ ಮೇಲೆ ಉಳಿಯುವ ಹಣವೆಷ್ಟೋ ಅದರ ಮೇಲೆ ಲೆಕ್ಕ ಹಾಕಬೇಕು.

ಹಿಂದೆ ಹೋದವರು ಹೇಗೆ ಹೋದರು

ದುಬಾರಿ ಸೀಮೆಯಿಂದ ಅಗ್ಗದ ಸೀಮೆಗೆ ರೈತರು ಹೋಗಿ ನೆಲೆನಿಂತ ದೊಡ್ಡ ನಿದರ್ಶನ ನಮ್ಮ ರಾಜ್ಯದಲ್ಲೇ ಇದೆ. 1953ರಲ್ಲಿ ತುಂಗಭದ್ರಾ ಅಣೆಕಟ್ಟೆಯಿಂದ ನೀರು ಹರಿಯತೊಡಗಿದ ಮೇಲೆ, ಕರಾವಳಿ ಆಂಧ್ರದ ರೈತರು ಅಲ್ಲಿಯ ದುಬಾರಿ ಗದ್ದೆಗಳನ್ನು ಮಾರಿ ಗಂಗಾವತಿ, ಸಿಂಧನೂರುಗಳ ಕಡೆಗೆ ಬಂದರು. ಅವರು ನೆಲೆನಿಂತ ಊರುಗಳಿಗೆ ಇಂದಿಗೂ ಕ್ಯಾಂಪ್ ಎಂಬ ಹೆಸರಿದೆ. ಅವರ ಯಶಸ್ಸನ್ನು ಕೇವಲ ಶ್ರಮದ ಫಲವೆಂದು ಹೇಳಿಬಿಡುವುದು ರೂಢಿ. ಆದರೆ ಗಮನಿಸಬೇಕಾದ ಸಂಗತಿಗಳು ಬೇರೆ ಇವೆ. ಅವರು ಒಬ್ಬೊಬ್ಬರಾಗಿ ಬರಲಿಲ್ಲ, ಬಂಧುಬಳಗದೊಂದಿಗೆ ಬಂದು ಒಟ್ಟಿಗೆ ನೆಲೆಸಿದರು. ತಮಗೆ ತಲೆತಲಾಂತರದಿಂದ ಗೊತ್ತಿದ್ದ ಬೆಳೆಯನ್ನೇ, ಎಂದರೆ ಭತ್ತವನ್ನೇ, ಹಿಡಿದರು. ಕಾಲುವೆ ನೀರು ಖಚಿತವಿದ್ದ ಕಡೆ ಭೂಮಿ ಹುಡುಕಿದರು. ಜೋಳ, ಹತ್ತಿ ಬೆಳೆಯುತ್ತಿದ್ದ ಸ್ಥಳೀಯರಿಗೆ ನೀರಾವರಿಯ ಬೇಸಾಯ ಹೊಸದಾಗಿದ್ದುದರಿಂದ ಭೂಮಿ ಅಗ್ಗಕ್ಕೆ ದೊರೆಯಿತು.

ಈ ಕಥೆಗೆ ಇನ್ನೊಂದು ಮುಖವೂ ಇದೆ. ಹೆಚ್ಚಾಗಿ ಮಿತನೀರಿನ ಬೆಳೆಗಳಿಗೆಂದು ಯೋಜಿಸಿದ್ದ ಕಾಲುವೆಯ ಮೇಲ್ಭಾಗದಲ್ಲಿ ಭತ್ತ ಹರಡಿತು, ಕೊನೆಯ ಭಾಗದವರಿಗೆ ನೀರು ಸಾಲದಾಯಿತು. ತಗ್ಗಿನ ಕರಿಮಣ್ಣಿನಲ್ಲಿ ಜೌಗು ಮತ್ತು ಸವಳು ಕಾಣಿಸಿಕೊಂಡವು. 2024ರ ಆಗಸ್ಟ್ 10ರ ರಾತ್ರಿ ಅಣೆಕಟ್ಟೆಯ 19ನೇ ಗೇಟು ಕೊಚ್ಚಿಹೋದಾಗ, ಖಚಿತವೆಂದು ನಂಬಿದ ನೀರೂ ಒಂದು ಸರಪಣಿಯ ಮೇಲೆ ನಿಂತಿತ್ತೆಂಬುದು ಎಲ್ಲರಿಗೂ ತಿಳಿಯಿತು.

ಮಣ್ಣು, ಬಾವಿ, ಕಾಗದ

ಜಮೀನನ್ನು ನೋಡಲು ನವೆಂಬರಿನಲ್ಲಿ ಹೋಗಬೇಡಿ. ಆಗ ಎಲ್ಲ ಊರೂ ಹಸಿರಾಗಿರುತ್ತದೆ. ಏಪ್ರಿಲ್ ಕೊನೆಯಲ್ಲಿ ಹೋಗಿ. ಕೊಳವೆಬಾವಿಯ ನೀರನ್ನು ಇಂಚಿನ ಲೆಕ್ಕದಲ್ಲಿ ಒಪ್ಪಿಕೊಳ್ಳದೆ 200 ಲೀಟರಿನ ಪೀಪಾಯಿಗೆ ಹಿಡಿದು ಅಳೆಯಿರಿ. ಪೀಪಾಯಿ 2 ನಿಮಿಷ 24 ಸೆಕೆಂಡಿನಲ್ಲಿ ತುಂಬಿದರೆ ಅದು ಗಂಟೆಗೆ 5,000 ಲೀಟರ್. ಮೋಟಾರು ಹಾಕಿದ ಕೂಡಲೇ ಒಮ್ಮೆ, ಆರು ಗಂಟೆ ಬಿಡದೆ ಓಡಿದ ಮೇಲೆ ಮತ್ತೊಮ್ಮೆ ಅಳೆಯಬೇಕು. ಎರಡನೆಯ ಅಳತೆಯೇ ನಿಜವಾದದ್ದು. ಅಂತರ್ಜಲ ಕಾಯಿದೆಯಡಿ ಅಧಿಸೂಚಿತವಾದ ತಾಲ್ಲೂಕಾಗಿದ್ದರೆ ಹೊಸ ಬಾವಿ ಕೊರೆಸಲು ಅನುಮತಿ ಬೇಕು. ಹೊಸ ಪಂಪ್‌ಸೆಟ್‌ಗೆ ಕಂಬ, ತಂತಿ, ಟ್ರಾನ್ಸ್‌ಫಾರ್ಮರ್‌ಗಳ ಖರ್ಚು ಯಾರದೆಂದು ಆ ಭಾಗದ ವಿದ್ಯುತ್ ಕಚೇರಿಯಲ್ಲೇ ವಿಚಾರಿಸಿ.

ನೀರಿನ ಮಾದರಿಯನ್ನು ಪರೀಕ್ಷೆಗೆ ಕೊಡಿ. ವಿದ್ಯುದ್ವಾಹಕತೆ 0.75 ಡೆಸಿಸೀಮನ್ಸ್‌ಗಿಂತ ಕಡಿಮೆಯಿದ್ದರೆ ಚಿಂತೆಯಿಲ್ಲ, 2.25 ದಾಟಿದರೆ ಆ ನೀರನ್ನು ನಂಬಿ ತೋಟ ಕಟ್ಟಲಾಗದು. ಮಣ್ಣಿಗೆ ಮೇಲಿನ ಅರ್ಧ ಅಡಿಯ ಮಾದರಿ ಮಾತ್ರ ಸಾಲದು. ಎರಡು ಮೂರು ಕಡೆ ಐದಾರು ಅಡಿ ಗುಂಡಿ ತೋಡಿಸಿ. ಎರಡಡಿಗೇ ಸುಣ್ಣಕಲ್ಲಿನ ಪದರವೋ ಬಂಡೆಯೋ ಸಿಕ್ಕರೆ ಮಾವು, ತೆಂಗುಗಳ ಯೋಚನೆ ಬಿಡಿ. ರಸಸಾರ 8.5 ಮೀರಿದ ಕರಿಮಣ್ಣು ಚೌಳಾಗಿರುವ ಸಂಭವ ಹೆಚ್ಚು. ಅದನ್ನು ಜಿಪ್ಸಂ ಹಾಕಿ ಸರಿಪಡಿಸಬಹುದಾದರೂ, ಬಸಿಯಲು ದಾರಿ ಮತ್ತು ಒಳ್ಳೆಯ ನೀರು ಇಲ್ಲದಿದ್ದರೆ ಜಿಪ್ಸಂ ದಂಡ. ನಮ್ಮ ಕೆಂಪು ಮರಳುಮಿಶ್ರಿತ ಗೋಡಿನಲ್ಲಿ ಪಳಗಿದ ಕೈಗೆ ಎರೆಭೂಮಿಯ ಹದ ತಿಳಿಯಲು ಎರಡು ಮೂರು ವರ್ಷ ಬೇಕೆಂಬುದನ್ನೂ ಲೆಕ್ಕಕ್ಕೆ ಹಿಡಿಯಿರಿ.

ಕಾಗದಪತ್ರಗಳಲ್ಲಿ ಪಹಣಿ, ಮ್ಯುಟೇಶನ್, ಆಕಾರಬಂದ್, 11ಇ ನಕ್ಷೆ, ಋಣಭಾರ ಪತ್ರ ಇವುಗಳನ್ನು ನೋಡುವುದು ಎಲ್ಲರಿಗೂ ಗೊತ್ತು. ಹೊರಗಿನಿಂದ ಹೋದವರು ಎಡವುವುದು ಮಂಜೂರಾತಿ ಜಮೀನುಗಳಲ್ಲಿ. ಪರಿಶಿಷ್ಟ ಜಾತಿ, ಪಂಗಡದವರಿಗೆ ಸರ್ಕಾರ ಕೊಟ್ಟ ಜಮೀನನ್ನು ಸರ್ಕಾರದ ಪೂರ್ವಾನುಮತಿ ಇಲ್ಲದೆ ಕೊಂಡರೆ 1978ರ ಕಾಯಿದೆಯಂತೆ ಆ ಕ್ರಯ ಊರ್ಜಿತವಾಗುವುದಿಲ್ಲ. 2023ರ ತಿದ್ದುಪಡಿಯಿಂದ ಮರುವಶಕ್ಕೆ ಅರ್ಜಿ ಹಾಕಲು ಕಾಲಮಿತಿಯೂ ಇಲ್ಲ. ಆ ಜಮೀನು ನ್ಯಾಯವಾಗಿ ಅವರದು. ಬೆಲೆ ತೀರಾ ಅಗ್ಗವೆನಿಸಿದಾಗ ಮೂಲ ಮಂಜೂರಾತಿ ಕಡತವನ್ನು ತಾಲ್ಲೂಕು ಕಚೇರಿಯಲ್ಲಿ ತೆಗೆಸಿ ನೋಡದೆ ಮುಂದುವರಿಯಬಾರದು.

ತೆರಿಗೆಯ ಮಾತು. ನೀವು ಮಾರುವ ಜಮೀನು ಪಟ್ಟಣದ ಗಡಿಗೆ ಹತ್ತಿರವಿದ್ದರೆ ಲಾಭದ ಮೇಲೆ ಆದಾಯ ತೆರಿಗೆ ಬರುತ್ತದೆ. ಪಟ್ಟಣದ ಜನಸಂಖ್ಯೆ 10,000ದಿಂದ 1 ಲಕ್ಷವಿದ್ದರೆ 2 ಕಿ.ಮೀ., 10 ಲಕ್ಷದವರೆಗೆ 6 ಕಿ.ಮೀ., ಅದಕ್ಕೂ ಮೇಲಾದರೆ 8 ಕಿ.ಮೀ. ಒಳಗಿನ ಜಮೀನಿಗೆ ಈ ನಿಯಮ. ಅಳೆಯುವುದು ರಸ್ತೆಯ ದೂರವನ್ನಲ್ಲ, ನೇರ ದೂರವನ್ನು. ಮಾರುವ ಮುಂಚಿನ ಎರಡು ವರ್ಷ ಅಲ್ಲಿ ಬೇಸಾಯ ಮಾಡಿದ್ದು, ಮಾರಿದ ಎರಡು ವರ್ಷದೊಳಗೆ ಬೇರೆ ಬೇಸಾಯದ ಜಮೀನು ಕೊಂಡರೆ ಆ ಮಟ್ಟಿಗೆ ವಿನಾಯಿತಿ ಇದೆ. ಹಾಗೆ ಕೊಂಡದ್ದನ್ನು ಮೂರು ವರ್ಷ ಮಾರಕೂಡದು. ಸ್ಥಿರಾಸ್ತಿ ವ್ಯವಹಾರದಲ್ಲಿ 20,000 ರೂಪಾಯಿ ಅಥವಾ ಅದಕ್ಕೆ ಮೇಲ್ಪಟ್ಟ ನಗದು ಪಡೆಯುವುದು ಕಾನೂನಿಗೆ ವಿರುದ್ಧ. ಕೊಳ್ಳುವ ಕಡೆ ಮುದ್ರಾಂಕ ಶುಲ್ಕ, ಉಪಕರಗಳು, 2025ರ ಆಗಸ್ಟ್ 31ರಿಂದ ಶೇಕಡ 2ಕ್ಕೆ ಏರಿದ ನೋಂದಣಿ ಶುಲ್ಕ ಎಲ್ಲ ಸೇರಿ ನೂರಕ್ಕೆ ಏಳೂವರೆಯಷ್ಟು ಹೋಗುತ್ತದೆ.

ಯಾರು ಹೋಗಬಹುದು?

ನನ್ನ ಅಭಿಪ್ರಾಯವನ್ನು ನೇರವಾಗಿಯೇ ಹೇಳುತ್ತೇನೆ. ಫಸಲಿನ ತೋಪು, ನಿಂತ ಹಿಪ್ಪುನೇರಳೆ ತೋಟ, ಮೇ ತಿಂಗಳಲ್ಲೂ ನೀರು ಕೊಡುವ ಬಾವಿ ಇವುಗಳಲ್ಲಿ ಎರಡಾದರೂ ಇರುವವರು ಬೇಸಾಯದ ಆದಾಯ ಹೆಚ್ಚುತ್ತದೆಂಬ ನಂಬಿಕೆಯಿಂದ ಊರು ಬಿಡಬೇಕಾಗಿಲ್ಲ. ಬಾವಿ ಬತ್ತಿ, ತೋಪಿಲ್ಲದೆ, ಪಾಲಾಗಿ ಎಕರೆಯೋ ಮುಕ್ಕಾಲೆಕರೆಯೋ ಉಳಿದು, ಮನೆಯಲ್ಲಿ ದುಡಿಯುವ ಇಬ್ಬರು ಮಕ್ಕಳಿದ್ದು, ಅವರು ಬೇಸಾಯವನ್ನೇ ಬಯಸಿದರೆ, ಅವರ ಮಾತು ಬೇರೆ. ಅಂಥವರಿಗೆ ಇಲ್ಲಿ ಉಳಿಯುವುದೆಂದರೆ ಕಾರ್ಖಾನೆಯ ಕೂಲಿಗೆ ಹೋಗುವುದೆಂದೇ ಅರ್ಥ. ಅವರು ಹೋಗಲಿ. ಆದರೆ ಕೈಗೆ ಬಂದ ಹಣದಲ್ಲಿ ಅರ್ಧಕ್ಕಿಂತ ಹೆಚ್ಚನ್ನು ಭೂಮಿಗೆ ಹಾಕದಿರಲಿ. ಹದಿನೈದು ಎಕರೆ ಬರುವ ಕಡೆ ಆರೇಳು ಎಕರೆ ಕೊಂಡು, ಮಿಕ್ಕದ್ದನ್ನು ಬಾವಿ, ಬೇಲಿ, ಹುಳುಮನೆ ಮತ್ತು ಎರಡು ವರ್ಷದ ಊಟದ ಖರ್ಚಿಗೆ ಬ್ಯಾಂಕಿನಲ್ಲಿಡಲಿ. ಸಾಧ್ಯವಾದರೆ ಎರಡು ಮೂರು ಮನೆಯವರು ಜೊತೆಯಾಗಿ ಹೋಗಲಿ.

ಮೊದಲು ಗೇಣಿಗೆ ಹಿಡಿದು ನೋಡೋಣವೆಂದರೆ, 1974ರ ಭೂಸುಧಾರಣೆಯ ಬಳಿಕ ಗೇಣಿ ಕರಾರಿಗೆ ಕಾನೂನಿನ ಆಸರೆ ಇಲ್ಲ. ಬಾಯಿಮಾತಿನಲ್ಲಿ ನಡೆಯುವುದುಂಟು, ತಕರಾರು ಬಂದರೆ ಕೇಳುವವರಿಲ್ಲ. ಅದಕ್ಕೆ ಬದಲಾಗಿ ಮಗನೊಬ್ಬ ಒಂದು ಬೇಸಿಗೆ, ಒಂದು ಮುಂಗಾರು ಆ ಊರಿನಲ್ಲಿ ನೆಂಟರ ಮನೆಯಲ್ಲೋ ಬಾಡಿಗೆ ಮನೆಯಲ್ಲೋ ಇದ್ದು, ಅಲ್ಲಿಯವರ ಹೊಲದಲ್ಲಿ ದುಡಿದು ಬರಲಿ. ಮುಂಗಡ ಕೊಡುವುದು ಅದಾದ ಮೇಲೆ.

ಚಾಮರಾಜನಗರದ ಕಡೆ ಹೋಗುವವರು ಹರದನಹಳ್ಳಿಯ ಕೃಷಿ ವಿಜ್ಞಾನ ಕೇಂದ್ರದಲ್ಲಿ, ಹಿರಿಯೂರಿನ ಕಡೆ ಹೋಗುವವರು ಬಬ್ಬೂರು ಫಾರಂನ ಕೇಂದ್ರದಲ್ಲಿ ಆ ಹೋಬಳಿಯ ಕಳೆದ ಹತ್ತು ವರ್ಷದ ಮಳೆಯ ಅಂಕಿಗಳನ್ನೂ ಅಲ್ಲಿಯ ಮಣ್ಣಿಗೆ ಹೊಂದುವ ಬೆಳೆಗಳನ್ನೂ ಕೇಳಿ ಬರೆದುಕೊಳ್ಳಬೇಕು. ಅಲ್ಲಿಯ ಮಣ್ಣು, ನೀರಿನ ಮಾದರಿಗಳನ್ನು ಊರಿಗೆ ತಂದು ಮಾಗಡಿ ತಾಲ್ಲೂಕು ಚಂದುರಾಯನಹಳ್ಳಿಯ ಕೃಷಿ ವಿಜ್ಞಾನ ಕೇಂದ್ರದಲ್ಲಿ ತೋರಿಸಿ ಸಲಹೆ ಪಡೆಯಬಹುದು. ಮಣ್ಣನ್ನು ನೆರಳಿನಲ್ಲಿ ಒಣಗಿಸಿ ಅರ್ಧ ಕಿಲೋದಷ್ಟು ಬಟ್ಟೆಯ ಚೀಲದಲ್ಲಿ, ನೀರನ್ನು ಅದೇ ನೀರಿನಲ್ಲಿ ಎರಡು ಮೂರು ಸಲ ತೊಳೆದ ಒಂದು ಲೀಟರ್ ಬಾಟಲಿಯಲ್ಲಿ ತುಂಬಿ, ಎರಡರ ಮೇಲೂ ಸರ್ವೆ ನಂಬರು ಮತ್ತು ತಾರೀಖು ಬರೆದು ತರುವುದು.